ವಿಕಿಪೀಡಿಯಕ್ಕೆ ಫೋಟೊ, ಬರಹ ಸೇರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ನಾನು ಅದರೊಳಗೆ ಕಾಲಿಟ್ಟಿದ್ದು ಎಷ್ಟೋ ವರ್ಷಗಳ ಮೇಲೆ, ನಮ್ಮೂರಿನ ಪುಟದಲ್ಲಿದ್ದ ಒಂದು ತಪ್ಪನ್ನು ತಿದ್ದಲು. ಆಮೇಲೆ ಬಿಡಲಾಗಲಿಲ್ಲ. ಈಗ ಹೊಸಬರಿಗೆ ಹೇಳಿಕೊಡಲು ಕೂತಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಅವುಗಳ ಉತ್ತರ ಒಂದು ಕಡೆ ಇರಲಿ ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ವಿಕಿಪೀಡಿಯದಲ್ಲಿ ನಿಯಮಗಳು ರಾಶಿ ಇವೆ. ಎಲ್ಲ ಓದಿಕೊಂಡು ಬರಬೇಕು ಅಂತೇನಿಲ್ಲ. ಎರಡು ಪ್ರಶ್ನೆ ಮನಸ್ಸಿನಲ್ಲಿದ್ದರೆ ಮುಕ್ಕಾಲು ದಾರಿ ಸಾಗಿದ ಹಾಗೆ. ಫೋಟೊ ಹಾಕುವಾಗ ಕೇಳಿಕೊಳ್ಳಬೇಕಾದ್ದು: ಇದು ಯಾರದ್ದು? ಬರೆಯುವಾಗ ಕೇಳಿಕೊಳ್ಳಬೇಕಾದ್ದು: ಇದು ಎಲ್ಲಿಂದ ಗೊತ್ತಾಯಿತು?

ಯಾರು ಬೇಕಾದರೂ ತಿದ್ದಬಹುದಾ? ನಾನು ಓದಿರೋದು ಎಸ್ಸೆಸ್ಸೆಲ್ಸಿ.

ತಿದ್ದಬಹುದು. ಇಲ್ಲಿ ಯಾರೂ ಅಂಕಪಟ್ಟಿ ಕೇಳುವುದಿಲ್ಲ. ಬರೆದ ಮಾತಿಗೆ ಆಧಾರ ಇದೆಯಾ ಎಂದಷ್ಟೇ ಕೇಳುತ್ತಾರೆ. ಪಿಎಚ್.ಡಿ. ಮಾಡಿದವರು ಆಧಾರ ಇಲ್ಲದೆ ಬರೆದರೂ ಅದನ್ನು ತೆಗೆಯುತ್ತಾರೆ. ಕೃಷಿಕರೊಬ್ಬರು ಗೆಜೆಟಿಯರ್‌ನ ಪುಟಸಂಖ್ಯೆ ಕೊಟ್ಟು ಬರೆದರೆ ಉಳಿಯುತ್ತದೆ.

ಖಾತೆ ಬೇಕೇ ಬೇಕಾ?

ಬರಹ ತಿದ್ದಲು ಹೆಚ್ಚಿನ ಪುಟಗಳಲ್ಲಿ ಬೇಕಾಗಿಲ್ಲ. ಫೋಟೊ ಹಾಕಲು ಬೇಕು. ಖಾತೆ ಮಾಡಿಕೊಳ್ಳುವುದೇ ಒಳ್ಳೆಯದು. ಎರಡು ನಿಮಿಷದ ಕೆಲಸ, ದುಡ್ಡಿಲ್ಲ, ನಿಜ ಹೆಸರೂ ಬೇಕಿಲ್ಲ. ಒಂದೇ ಖಾತೆ ಕನ್ನಡ, ತುಳು, ಇಂಗ್ಲಿಷ್ ವಿಕಿಪೀಡಿಯಗಳಿಗೂ, ಪದಕೋಶವಾದ ವಿಕ್ಷನರಿಗೂ, ಫೋಟೊಗಳ ಕಣಜವಾದ ವಿಕಿಮೀಡಿಯ ಕಾಮನ್ಸ್‌ಗೂ ಆಗುತ್ತದೆ. ಅಂಗಡಿಯ ಹೆಸರು, ಸಂಘದ ಹೆಸರು ಮಾತ್ರ ಇಡಬೇಡಿ. ಖಾತೆ ಒಬ್ಬ ಮನುಷ್ಯನದ್ದಾಗಿರಬೇಕು.

ಕನ್ನಡದಲ್ಲಿ ಟೈಪ್ ಮಾಡೋಕೆ ಬರೋದಿಲ್ಲ.

ಫೋನಿನಲ್ಲಿ ವಾಟ್ಸಾಪ್‌ಗೆ ಬಳಸುವ ಕೀಬೋರ್ಡೇ ಸಾಕು. ಕಂಪ್ಯೂಟರಿನಲ್ಲಾದರೆ ವಿಕಿಪೀಡಿಯದೊಳಗೇ ಕನ್ನಡ ಟೈಪಿಂಗ್ ಇದೆ. ಬರೆಯುವ ಜಾಗದಲ್ಲಿ ಕ್ಲಿಕ್ ಮಾಡಿದರೆ ಪಕ್ಕದಲ್ಲಿ ಪುಟ್ಟ ಕೀಬೋರ್ಡಿನ ಗುರುತು ಕಾಣಿಸುತ್ತದೆ. ಅಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕೆ.ಪಿ. ರಾವ್ ವಿನ್ಯಾಸ ಎಲ್ಲ ಸಿಗುತ್ತವೆ. ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿದರೆ ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಬದಲಾಗುತ್ತದೆ.

ಒಂದು ಎಚ್ಚರಿಕೆ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಮಾಡಿದ ಹಳೆಯ ಕಡತದಿಂದ ನೇರವಾಗಿ ಕಾಪಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಬರುತ್ತವೆ. ಅದು ನಿಮ್ಮ ತಪ್ಪಲ್ಲ. ಆ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಅಷ್ಟೇ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಅರ್ಕಾವತ್ತು, ಒತ್ತಕ್ಷರ ಸರಿಯಾಗಿ ಬಂದಿವೆಯಾ ಅಂತ ಒಂದು ಸಲ ಕಣ್ಣಾಡಿಸಿ. ಪರಿವರ್ತಕಗಳು ಎಡವುವುದು ಅಲ್ಲೇ.

ಮೊದಲ ತಿದ್ದುಪಡಿ ಏನು ಮಾಡಲಿ?

ಚಿಕ್ಕದನ್ನೇ ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಊರಿನ ಪುಟ ತೆರೆಯಿರಿ. ಜಿಲ್ಲೆ, ತಾಲ್ಲೂಕು ಸರಿಯಿದೆಯಾ ನೋಡಿ. ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಹಂಪಿ ಈಗ ಆ ಜಿಲ್ಲೆಯಲ್ಲಿದೆ. ಆ ಭಾಗದ ಎಲ್ಲಾದರೂ ಒಂದು ಪುಟದಲ್ಲಿ ಇನ್ನೂ ಬಳ್ಳಾರಿ ಜಿಲ್ಲೆ ಅಂತ ಇದ್ದರೆ ಅದನ್ನು ಸರಿ ಮಾಡುವುದೇ ಒಳ್ಳೆಯ ಮೊದಲ ಕೆಲಸ. ಹಾಗೆಯೇ ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳು, ಅಕಾರ ಹಕಾರದ ತಪ್ಪುಗಳು.

ಉಳಿಸುವ ಮುಂಚೆ "ಏನು ಬದಲಾಯಿಸಿದಿರಿ" ಎಂದು ಕೇಳುವ ಸಣ್ಣ ಪೆಟ್ಟಿಗೆ ಬರುತ್ತದೆ. ಖಾಲಿ ಬಿಡಬೇಡಿ. "ಜಿಲ್ಲೆಯ ಹೆಸರು ಸರಿಪಡಿಸಿದೆ" ಎಂದು ಮೂರು ಪದ ಬರೆದರೆ ಹಿಂದೆ ಬರುವವರಿಗೆ ಎಷ್ಟು ಸಹಾಯ ಗೊತ್ತಾ? ಏನೂ ಬರೆಯದ ತಿದ್ದುಪಡಿಯ ಮೇಲೆ ಎಲ್ಲರಿಗೂ ಮೊದಲು ಅನುಮಾನವೇ ಬರುತ್ತದೆ.

ಏನಾದರೂ ಹಾಳು ಮಾಡಿಬಿಟ್ಟರೆ?

ಹಾಳಾಗುವುದಿಲ್ಲ. ಪ್ರತಿ ಪುಟಕ್ಕೂ ಇತಿಹಾಸ ಇದೆ. ಯಾರು, ಯಾವತ್ತು, ಯಾವ ಅಕ್ಷರ ಬದಲಾಯಿಸಿದರು ಎಂಬುದು ಅಲ್ಲಿ ಉಳಿಯುತ್ತದೆ. ಹಿಂದಿನ ರೂಪಕ್ಕೆ ಒಂದೇ ಕ್ಲಿಕ್ಕಿನಲ್ಲಿ ಮರಳಬಹುದು. ಆದರೂ ಅಳುಕಿದ್ದರೆ ನಿಮ್ಮದೇ ಪ್ರಯೋಗಪುಟ ಇದೆ. ಅಲ್ಲಿ ಏನು ಬೇಕಾದರೂ ಬರೆದು ನೋಡಿ.

ನಮ್ಮೂರಿನ ಬಗ್ಗೆ ಬರೆದೆ. ಅರ್ಧ ಗಂಟೆಯಲ್ಲಿ ಅಳಿಸಿಬಿಟ್ಟರು. ಯಾಕೆ?

ಇದು ಬೇಜಾರಾಗುವ ವಿಷಯವೇ. ನನಗೂ ಆಗಿದೆ. ಹೆಚ್ಚಿನ ಸಲ ನಡೆಯುವುದು ಹೀಗೆ. ಒಬ್ಬರು ಪ್ರೀತಿಯಿಂದ ಬರೆಯುತ್ತಾರೆ:

"ನಮ್ಮೂರು ತುಂಬಾ ಸುಂದರವಾದ ಊರು. ಇಲ್ಲಿನ ಜನ ಬಹಳ ಒಳ್ಳೆಯವರು. ಇಲ್ಲಿಯ ದೇವಸ್ಥಾನ ಸಾವಿರ ವರ್ಷಕ್ಕೂ ಹಳೆಯದು, ವಿಶ್ವವಿಖ್ಯಾತವಾದದ್ದು."

ಇದರಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಓದುವವರು ಇದನ್ನು ಎಲ್ಲಿ ಹೋಗಿ ಪರೀಕ್ಷಿಸಬೇಕು? ಅದನ್ನೇ ಹೀಗೆ ಬರೆದು ನೋಡಿ. ಊರು ಯಾವ ತಾಲ್ಲೂಕಿನಲ್ಲಿದೆ, ತಾಲ್ಲೂಕು ಕೇಂದ್ರದಿಂದ ಎಷ್ಟು ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಎಷ್ಟು. ದೇವಸ್ಥಾನದಲ್ಲಿ ಯಾವ ಕಾಲದ ಶಾಸನ ಇದೆ, ಅದು ಯಾವ ಶಾಸನ ಸಂಪುಟದಲ್ಲಿ, ಎಷ್ಟನೇ ನಂಬರಿನಲ್ಲಿ ಅಚ್ಚಾಗಿದೆ. ಮೂರೇ ವಾಕ್ಯ. "ಸುಂದರ" ಎಂಬ ಪದ ಎಲ್ಲೂ ಇಲ್ಲ. ಆದರೂ ಓದಿದವರಿಗೆ ಆ ಊರಿಗೆ ಹೋಗಬೇಕು ಅನ್ನಿಸುತ್ತದೆ.

ಹಾಗಂತ ಊರಿನವರ ನೆನಪಿಗೆ, ಸ್ಥಳಪುರಾಣಕ್ಕೆ ಜಾಗ ಇಲ್ಲ ಅಂತಲ್ಲ. "ಪಾಂಡವರು ಇಲ್ಲಿ ಒಂದು ರಾತ್ರಿ ತಂಗಿದ್ದರು" ಎಂದು ಬರೆದರೆ ಅದು ಇತಿಹಾಸದ ಮಾತಾಗಿಬಿಡುತ್ತದೆ. "ಸ್ಥಳಪುರಾಣದ ಪ್ರಕಾರ ಪಾಂಡವರು ಇಲ್ಲಿ ತಂಗಿದ್ದರು" ಎಂದು ಬರೆದು, ಆ ಕಥೆ ಅಚ್ಚಾಗಿರುವ ಪುಸ್ತಕವನ್ನು ಕೊಟ್ಟರೆ ಯಾರ ತಕರಾರೂ ಇಲ್ಲ.

ಅಜ್ಜಿ ಹೇಳಿದ್ದನ್ನು ಬರೆದರೆ ಆಧಾರ ಎಲ್ಲಿಂದ ತರಲಿ?

ಇದಕ್ಕೆ ನನ್ನ ಬಳಿ ಪೂರ್ತಿ ಸಮಾಧಾನದ ಉತ್ತರ ಇಲ್ಲ. ನಮ್ಮ ಕಡೆ ಎಷ್ಟೋ ತಿಳಿವಳಿಕೆ ಅಚ್ಚಿಗೆ ಹೋಗಿಯೇ ಇಲ್ಲ. ಕಂಬಳದ ಕೋಣ ಸಾಕುವ ಕ್ರಮ, ಒಂದು ಕೇರಿಯಲ್ಲಿ ಮಾತ್ರ ಹಾಡುವ ಸೋಬಾನೆ ಪದ, ಬತ್ತಿಹೋದ ಒಂದು ಭತ್ತದ ತಳಿ. ಆದರೆ ವಿಕಿಪೀಡಿಯ ಮೊದಲ ಸಲ ಅಚ್ಚು ಹಾಕುವ ಜಾಗ ಅಲ್ಲ. ಬೇರೆ ಕಡೆ ಪ್ರಕಟವಾದದ್ದನ್ನು ಒಟ್ಟು ಮಾಡುವ ಜಾಗ. ಅಜ್ಜಿ ಹೇಳಿದ್ದು ಎಲ್ಲೂ ಪ್ರಕಟವಾಗಿಲ್ಲ ಎಂದಾದರೆ ಅದನ್ನು ಮೊದಲು ಬೇರೆಡೆ ಪ್ರಕಟಿಸಬೇಕಾಗುತ್ತದೆ. ಜಾನಪದ ಸಂಗ್ರಹವಾಗಿ, ಪತ್ರಿಕೆಯ ಲೇಖನವಾಗಿ, ಕಾಲೇಜಿನ ಪ್ರಬಂಧವಾಗಿ.

ಈ ಮಧ್ಯೆ ಒಂದು ಕೆಲಸ ಇವತ್ತೇ ಮಾಡಬಹುದು. ಆ ತಿಳಿವಳಿಕೆಯ ಫೋಟೊ ತೆಗೆಯಿರಿ. ಅಜ್ಜಿ ಒನಕೆ ಹಿಡಿದು ಭತ್ತ ಕುಟ್ಟುವುದು, ಕೈ ಎಲ್ಲಿದೆ, ಒರಳು ಹೇಗಿದೆ. ಫೋಟೊಗೆ ಅಡಿಟಿಪ್ಪಣಿ ಬೇಕಿಲ್ಲ. ಎಲ್ಲಿ, ಯಾವಾಗ, ಏನು ಎಂದು ಬರೆದರೆ ಆಯಿತು. ಅದಕ್ಕೇ ನಾನು ಹೊಸಬರಿಗೆ ಮೊದಲು ಕ್ಯಾಮೆರಾ ತೆಗೆಯಿರಿ ಅನ್ನುವುದು.

ಇಂಗ್ಲಿಷ್ ವಿಕಿಪೀಡಿಯದಿಂದ ಅನುವಾದ ಮಾಡಬಹುದಾ? ಯಂತ್ರದಿಂದ ಮಾಡಿಸಿದರೆ?

ಅನುವಾದ ಮಾಡಬಹುದು. ಯಾವ ಪುಟದಿಂದ ಮಾಡಿದ್ದು ಎಂದು ತಿದ್ದುಪಡಿಯ ಟಿಪ್ಪಣಿಯಲ್ಲಿ ಹೇಳಬೇಕು. ಅಲ್ಲಿ ಬರೆದವರಿಗೆ ಸಲ್ಲಬೇಕಾದ ಮನ್ನಣೆ ಅದು. ಅನುವಾದಕ್ಕೇ ಅಂತ ಒಂದು ಉಪಕರಣವೂ ಒಳಗೇ ಇದೆ.

ಯಂತ್ರ ಕೊಟ್ಟದ್ದನ್ನು ಹಾಗೆಯೇ ಅಂಟಿಸುವುದು ಮಾತ್ರ ಬೇಡ. 2010ರ ಸುಮಾರಿಗೆ ಗೂಗಲ್‌ನ ಅನುವಾದ ಯೋಜನೆಯಿಂದ ಕನ್ನಡಕ್ಕೆ ಉದ್ದುದ್ದ ಪುಟಗಳು ಬಂದವು. ಅವುಗಳ ಭಾಷೆ ತಿದ್ದುವ ಕೆಲಸ ತುಂಬಾ ಕಾಲ ಹಿಡಿಯಿತು. "ದೇವಾಲಯವು ಕಂಚಿನ ವಿಗ್ರಹವನ್ನು ಮನೆ ಮಾಡುತ್ತದೆ" ಎಂಬಂಥ ವಾಕ್ಯವನ್ನು ನಾವು ಯಾರಾದರೂ ಬಾಯಲ್ಲಿ ಆಡುತ್ತೇವಾ? "ದೇವಸ್ಥಾನದಲ್ಲಿ ಕಂಚಿನ ವಿಗ್ರಹ ಇದೆ." ಮುಗಿಯಿತು. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ. ಮನೆಯವರು ತಲೆ ಎತ್ತಿ "ಏನಂದೆ?" ಎಂದು ಕೇಳಿದರೆ ಆ ವಾಕ್ಯ ಇನ್ನೂ ಕನ್ನಡವಾಗಿಲ್ಲ.

ಈಗಿನ ಎಐ ಉಪಕರಣಗಳು ಕನ್ನಡವನ್ನು ಮೊದಲಿಗಿಂತ ಚೆನ್ನಾಗಿ ಬರೆಯುತ್ತವೆ. ಅದರ ಅಪಾಯ ಬೇರೆ. ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆಯನ್ನು ಆಧಾರ ಅಂತ ಕೊಟ್ಟುಬಿಡುತ್ತವೆ. ನೀವು ಕಣ್ಣಾರೆ ನೋಡದ ಆಧಾರವನ್ನು ಹಾಕಬೇಡಿ.

ಫೋಟೊ ವಿಕಿಪೀಡಿಯಕ್ಕೆ ಹಾಕೋದಾ, ಕಾಮನ್ಸ್‌ಗೆ ಹಾಕೋದಾ?

ಕಾಮನ್ಸ್‌ಗೆ. 2004ರಲ್ಲಿ ಶುರುವಾದ ಈ ಕಣಜದಲ್ಲಿ ಈಗ 10 ಕೋಟಿಗೂ ಜಾಸ್ತಿ ಕಡತಗಳಿವೆ. ಅಲ್ಲಿ ಒಂದು ಸಲ ಹಾಕಿದರೆ ಎಲ್ಲ ಭಾಷೆಯ ವಿಕಿಪೀಡಿಯಗಳೂ ಬಳಸಬಹುದು. ಆಂಡ್ರಾಯ್ಡ್ ಫೋನಿಗೆ ಕಾಮನ್ಸ್ ಆಪ್ ಇದೆ. ನಿಮ್ಮ ಸುತ್ತಮುತ್ತ ಯಾವ ಜಾಗಕ್ಕೆ ಇನ್ನೂ ಫೋಟೊ ಇಲ್ಲ ಅಂತ ಅದು ನಕ್ಷೆಯಲ್ಲಿ ತೋರಿಸುತ್ತದೆ. ಬಸ್ಸಿಗೆ ಕಾಯುವಾಗ ಅದನ್ನೊಮ್ಮೆ ತೆರೆದು ನೋಡಿ. ಎಷ್ಟು ಕೆರೆ, ಎಷ್ಟು ಬಸದಿ, ಎಷ್ಟು ರೈಲು ನಿಲ್ದಾಣ ಖಾಲಿ ಇವೆ ಎಂದು ಆಶ್ಚರ್ಯವಾಗುತ್ತದೆ.

ಇದು ಯಾರದ್ದು ಅಂದರೆ ಏನು? ನನ್ನ ಫೋನಿನಲ್ಲಿದೆ, ಅಂದರೆ ನನ್ನದೇ ಅಲ್ವಾ?

ಅಲ್ಲ. ಅಳಿಸಿಹೋಗುವ ಫೋಟೊಗಳಲ್ಲಿ ತುಂಬಾ ಜಾಸ್ತಿ ಈ ಗೊಂದಲದಿಂದಲೇ. ನೀವೇ ಬಟನ್ ಒತ್ತಿದ್ದರೆ ಮಾತ್ರ ಧೈರ್ಯವಾಗಿ "ನನ್ನ ಸ್ವಂತದ್ದು" ಅನ್ನಿ. ವಾಟ್ಸಾಪ್ ಗುಂಪಿನಲ್ಲಿ ಬಂದದ್ದು, ಫೇಸ್‌ಬುಕ್ಕಿನಿಂದ ಉಳಿಸಿಕೊಂಡದ್ದು, ಗೂಗಲ್‌ನಲ್ಲಿ ಸಿಕ್ಕಿದ್ದು ಯಾವುದೂ ನಿಮ್ಮದಲ್ಲ. ಹೆಸರು ಕೊಟ್ಟು "ಕೃಪೆ" ಎಂದು ಬರೆದರೂ ಸಾಲದು. ಕೃಪೆ ಬೇರೆ, ಅನುಮತಿ ಬೇರೆ.

ತಮ್ಮ ತೆಗೆದ ಫೋಟೊ ಹಾಕಬೇಕಾದರೆ ತಮ್ಮನೇ ಖಾತೆ ಮಾಡಿ ಹಾಕುವುದು ಸುಲಭ. ಇಲ್ಲದಿದ್ದರೆ ಅವನು ಕಾಮನ್ಸ್‌ನ ಅನುಮತಿ ನೋಡಿಕೊಳ್ಳುವ ಸ್ವಯಂಸೇವಕ ತಂಡಕ್ಕೆ ಇಮೇಲ್ ಮಾಡಬೇಕು. ಯಾವ ಫೋಟೊ, ಯಾವ ಪರವಾನಗಿ ಎಂದು ಅದರಲ್ಲಿ ಬಿಡಿಸಿ ಹೇಳಬೇಕು. ಪತ್ರದ ಮಾದರಿ ಅಲ್ಲೇ ಇದೆ.

ಮನೆಯ ಹಳೆಯ ಸ್ಟುಡಿಯೋ ಫೋಟೊಗಳ ಕಥೆ ಇನ್ನೂ ಸೂಕ್ಷ್ಮ. ತಾತನ ಫೋಟೊ ನಿಮ್ಮ ಗೋಡೆಯ ಮೇಲಿದೆ, ಆದರೆ ತೆಗೆದವರು ಬೇರೆ. ಭಾರತದ ಕೃತಿಸ್ವಾಮ್ಯ ಕಾಯಿದೆ 1957ರದ್ದು. 2012ರ ತಿದ್ದುಪಡಿಗೆ ಮೊದಲು ಅದರ ಪ್ರಕಾರ ಫೋಟೊದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತಿತ್ತು. ಈಗ ಅದು ತೆಗೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು ಎಂದೂ ಅದೇ ಕಾಯಿದೆ ಹೇಳುತ್ತದೆ. ನಿಮ್ಮ ಬಳಿ ಇರುವುದು ಇದರಲ್ಲಿ ಯಾವ ಸಂದರ್ಭ ಎಂದು ಕಾಮನ್ಸ್‌ನ ಸಹಾಯ ಪುಟದಲ್ಲಿ ಮೊದಲು ಕೇಳಿ. ಫೋಟೊದ ಹಿಂದೆ ಸ್ಟುಡಿಯೋ ಮುದ್ರೆ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿಡಿ. ಆ ಮುದ್ರೆಯೇ ಎಷ್ಟೋ ಸಲ ದಾರಿ ತೋರಿಸುತ್ತದೆ.

ನಾನೇ ತೆಗೆದ ಫೋಟೊ. ಆದರೂ ತೆಗೆದುಹಾಕಿದರು!

ನೀವು ತೆಗೆದದ್ದು ಏನನ್ನು? ಫೋಟೊ ನಿಮ್ಮದಾದರೂ ಫೋಟೊದೊಳಗಿನ ವಸ್ತು ಬೇರೆಯವರ ಸೃಷ್ಟಿ ಆಗಿರಬಹುದು.

ನನ್ನದೇ ಒಂದು ಉದಾಹರಣೆ. ಬೆಂಗಳೂರಿನ ಒಂದು ಗೋಡೆಯ ಮೇಲೆ ದೊಡ್ಡ ಚಿತ್ರ ಬರೆದಿದ್ದರು. ಬೆಳಿಗ್ಗೆ ಬೇಗ ಹೋಗಿ, ಗಾಡಿಗಳು ಇಲ್ಲದ ಹೊತ್ತು ನೋಡಿ ಚೆನ್ನಾಗಿ ಫೋಟೊ ತೆಗೆದು ಕಾಮನ್ಸ್‌ಗೆ ಹಾಕಿದೆ. ಒಂದು ವಾರ ಚರ್ಚೆ ನಡೆಯಿತು, ಅಳಿಸಿದರು. ಆಗ ತುಂಬಾ ನೋವಾಗಿತ್ತು. ಕಾಯಿದೆಯ 52ನೇ ಸೆಕ್ಷನ್ ಓದಿದ ಮೇಲೆ ವಿಷಯ ತಿಳಿಯಿತು. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇಟ್ಟಿರುವ ಶಿಲ್ಪದ ಫೋಟೊ ತೆಗೆದು ಪ್ರಕಟಿಸಬಹುದು. ಕಟ್ಟಡದ ಫೋಟೊವನ್ನೂ ಪ್ರಕಟಿಸಬಹುದು. ಆದರೆ ಗೋಡೆಚಿತ್ರ, ಪೋಸ್ಟರ್, ಫ್ಲೆಕ್ಸ್, ಮಾಹಿತಿ ಫಲಕದಂಥ ಚಪ್ಪಟೆ ಕಲಾಕೃತಿಗಳಿಗೆ ಆ ರಿಯಾಯಿತಿ ಇಲ್ಲ. ಬರೆದ ಕಲಾವಿದರ ಹಕ್ಕು ಅವರದ್ದೇ.

ಹಾಗಾಗಿ ಬೆಂಗಳೂರು ವಿಮಾನ ನಿಲ್ದಾಣದ ಬಳಿಯ 108 ಅಡಿಯ ಕೆಂಪೇಗೌಡ ಪ್ರತಿಮೆ ಹಾಕಬಹುದು. ವಿಧಾನಸೌಧ ಹಾಕಬಹುದು. ಹೊಸ ಸಿನಿಮಾದ ಪೋಸ್ಟರಿನ ಫೋಟೊ ಹಾಕುವ ಹಾಗಿಲ್ಲ. ಪುಸ್ತಕದ ಮುಖಪುಟ ಹಾಕುವ ಹಾಗಿಲ್ಲ. ಗಣೇಶ ಹಬ್ಬದ ಮಂಟಪದ ಮೂರ್ತಿ ಶಾಶ್ವತವಾಗಿ ಇರುವಂಥದ್ದಲ್ಲ, ನೀರಿಗೆ ಬಿಡುವಂಥದ್ದು. ಅಂಥದ್ದರ ಬಗ್ಗೆ ಅನುಮಾನ ಬಂದರೆ ಮೊದಲು ಕೇಳಿ, ಆಮೇಲೆ ಹಾಕಿ. ಬೇಲೂರು, ಹಳೇಬೀಡು, ಸೋಮನಾಥಪುರದ ಶಿಲ್ಪಗಳಿಗೆ ಇಂಥ ಯಾವ ತೊಡಕೂ ಇಲ್ಲ. ಕೆತ್ತಿದವರ ಹಕ್ಕಿನ ಕಾಲ ಮುಗಿದು ಎಷ್ಟೋ ಶತಮಾನ ಆಗಿದೆ. 2023ರಲ್ಲಿ ಈ ಮೂರೂ ದೇವಸ್ಥಾನಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೋಡುವವರು ಜಾಸ್ತಿಯಾದ ಹಾಗೆ ಒಳ್ಳೆಯ ಫೋಟೊಗಳ ಬೇಡಿಕೆಯೂ ಜಾಸ್ತಿಯಾಗುತ್ತದೆ.

ಸರ್ಕಾರಿ ವೆಬ್‌ಸೈಟಿನ ಫೋಟೊ ಎಲ್ಲರದ್ದೂ ಅಲ್ವಾ?

ಅಲ್ಲ. ನಮ್ಮಲ್ಲಿ ಸರ್ಕಾರಕ್ಕೂ ಕೃತಿಸ್ವಾಮ್ಯ ಇದೆ. ಕೇಂದ್ರ ಸರ್ಕಾರದ ಕೆಲವು ಮಾಹಿತಿ, ಫೋಟೊಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಆ ಪುಟದಲ್ಲೇ ಹಾಗೆಂದು ಬರೆದಿದ್ದರೆ ಮಾತ್ರ ಬಳಸಿ.

ಪರವಾನಗಿ ಅಂತ ಏನೋ ಆರಿಸಿ ಅನ್ನುತ್ತೆ. ಯಾವುದು ಆರಿಸಲಿ?

ಹೆಚ್ಚಿನವರು ಆರಿಸುವುದು ಸಿಸಿ ಬೈ-ಎಸ್ಎ 4.0. ಅದರ ಅರ್ಥ ಇಷ್ಟು. ನನ್ನ ಫೋಟೊವನ್ನು ಯಾರು ಬೇಕಾದರೂ ಬಳಸಲಿ, ಬದಲಾಯಿಸಲಿ, ಮಾರಲಿ. ನನ್ನ ಹೆಸರು ಹಾಕಬೇಕು. ಬದಲಾಯಿಸಿ ಹಂಚಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು.

"ಮಾರಲಿ" ಎಂಬ ಮಾತು ಕೇಳಿ ಹಿಂಜರಿಯುವವರಿದ್ದಾರೆ. ಅವರ ಅಳುಕು ನನಗೆ ಅರ್ಥವಾಗುತ್ತದೆ. ಯಾವುದೋ ಕ್ಯಾಲೆಂಡರಿನಲ್ಲಿ ನಿಮ್ಮ ಜೋಗದ ಫೋಟೊ ಬರಬಹುದು, ನಿಮಗೆ ಒಂದು ಪೈಸೆ ಸಿಗದಿರಬಹುದು. ಆದರೆ "ವ್ಯಾಪಾರಕ್ಕೆ ಬಳಸಬಾರದು" ಎಂಬ ಷರತ್ತನ್ನು ಕಾಮನ್ಸ್ ಒಪ್ಪುವುದಿಲ್ಲ. ಮಕ್ಕಳಿಗೆ ಪಠ್ಯಪುಸ್ತಕ ಅಚ್ಚು ಹಾಕಿ ಮಾರುವುದೂ ವ್ಯಾಪಾರವೇ ತಾನೇ? ಅದಕ್ಕೆ ನಿಮ್ಮ ಫೋಟೊ ಸಿಗದಂತಾದರೆ ಯಾರಿಗೆ ನಷ್ಟ?

ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯುವಂತಿಲ್ಲ. ಹೊಟ್ಟೆಪಾಡಿಗೆ ಫೋಟೊ ತೆಗೆಯುವವರು ಮಾರಾಟಕ್ಕಿಟ್ಟ ಫೋಟೊಗಳನ್ನು ಇಲ್ಲಿ ಹಾಕದಿರುವುದೇ ಸರಿ. ಬೇರೆ ಕೆಲವನ್ನು ಕೊಡಿ. ಯಾರೂ ತಪ್ಪು ತಿಳಿಯುವುದಿಲ್ಲ.

ನನ್ನ ಹತ್ರ ಇರೋದು ಸಾಧಾರಣ ಫೋನು. ನಡೆಯುತ್ತಾ?

ಖಂಡಿತ ನಡೆಯುತ್ತದೆ. ಬೆಳಕು, ಸ್ಥಿರವಾದ ಕೈ, ಸರಿಯಾದ ವಿವರ. ಈ ಮೂರು ಮುಖ್ಯ. ಒಂದು ವೀರಗಲ್ಲಿನ ಉದಾಹರಣೆ ಕೊಡುತ್ತೇನೆ. ನಾನು ಅತಿ ಹೆಚ್ಚು ತೆಗೆದಿರುವುದು ಇವನ್ನೇ.

ಮಧ್ಯಾಹ್ನ ಹನ್ನೆರಡಕ್ಕೆ ವೀರಗಲ್ಲಿನ ಮುಂದೆ ನಿಂತರೆ ಅದು ಸುಮ್ನೆ ಒಂದು ಬೂದು ಕಲ್ಲು. ಬೆಳಿಗ್ಗೆ ಏಳು ಗಂಟೆಗೆ, ಬಿಸಿಲು ಪಕ್ಕದಿಂದ ಓರೆಯಾಗಿ ಬೀಳುವಾಗ ಹೋಗಿ ನೋಡಿ. ಕೆತ್ತನೆಯ ಒಂದೊಂದು ಅಂಚಿಗೂ ನೆರಳು ಹುಟ್ಟುತ್ತದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಕತ್ತಿ ಎತ್ತಿದ ಕೈ, ಓಡುವ ದನಗಳು. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಶಾಸನದ ಅಕ್ಷರ ಇದ್ದರೆ ಅದೂ ಈ ಬೆಳಕಿನಲ್ಲಿ ಮೇಲೆದ್ದು ಬರುತ್ತದೆ. ಮರದ ನೆರಳಲ್ಲಿ ಇರುವ ಕಲ್ಲಾದರೆ ಸಂಜೆ ಕತ್ತಲಾದ ಮೇಲೆ ಹೋಗಿ ಪಕ್ಕದಿಂದ ಟಾರ್ಚ್ ಬಿಡಿ, ಅದೇ ಪರಿಣಾಮ ಸಿಗುತ್ತದೆ.

ಅಕ್ಷರ ಕಾಣಲಿ ಎಂದು ಸುಣ್ಣ, ಸೀಮೆಸುಣ್ಣ, ಎಣ್ಣೆ, ಹಿಟ್ಟು ಬಳಿಯಬೇಡಿ. ದಯವಿಟ್ಟು. ಕಲ್ಲು ನಮಗಿಂತ ಮುಂಚಿನದು, ನಮ್ಮ ನಂತರವೂ ಇರಬೇಕಾದದ್ದು. ಮೆತ್ತನೆಯ ಬ್ರಶ್ಶಿನಿಂದ ಧೂಳು ಒರೆಸಿದರೆ ಸಾಕು.

ಮೂರು ಫೋಟೊ ತೆಗೆಯಿರಿ. ಪೂರ್ತಿ ಕಲ್ಲು ನೇರ ಎದುರಿನಿಂದ ಒಂದು. ಅಕ್ಷರಗಳು ಅಥವಾ ಒಂದು ಪಟ್ಟಿಕೆ ಹತ್ತಿರದಿಂದ ಒಂದು. ಕಲ್ಲು ಎಲ್ಲಿ ನಿಂತಿದೆ ಎಂದು ತೋರಿಸುವ, ಸುತ್ತಲಿನ ಹೊಲ, ದಾರಿ, ಗುಡಿ ಕಾಣುವ ಒಂದು. ಜನ ಮರೆಯುವುದು ಈ ಮೂರನೆಯದನ್ನೇ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಇನ್ನೂ ಒಳ್ಳೆಯದು.

ಹಾಕುವ ಮುಂಚೆ ಫೋಟೊದಲ್ಲಿ ಏನೇನು ನೋಡಿಕೊಳ್ಳಬೇಕು?

ಮೂಲ ಕಡತವನ್ನೇ ಹಾಕಿ. ವಾಟ್ಸಾಪ್‌ನಲ್ಲಿ ಕಳಿಸಿಕೊಂಡ ಫೋಟೊ ಕುಗ್ಗಿರುತ್ತದೆ. ಅದರ ಜೊತೆಗೆ ಯಾವ ಕ್ಯಾಮೆರಾ, ಯಾವ ದಿನ ಎಂಬ ಒಳಮಾಹಿತಿಯೂ ಅಳಿಸಿಹೋಗಿರುತ್ತದೆ. ಹಾಗಾದಾಗ ನಿಮ್ಮ ಸ್ವಂತ ಫೋಟೊವನ್ನೇ "ಎಲ್ಲಿಂದಲೋ ತಂದದ್ದು" ಎಂದು ಅನುಮಾನಿಸುತ್ತಾರೆ. ಐಫೋನ್‌ನ ಹೊಸ ಬಗೆಯ ಕಡತವನ್ನು ಕಾಮನ್ಸ್ ತೆಗೆದುಕೊಳ್ಳುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಜೆಪೆಗ್‌ಗೆ ಬದಲಾಯಿಸಿಕೊಳ್ಳಿ. ಫೋಟೊ ಮೇಲೆ ಹೆಸರು, ಲೋಗೊ, ದಿನಾಂಕ ಅಚ್ಚು ಹಾಕಬೇಡಿ. ನಿಮ್ಮ ಹೆಸರು ಕಡತದ ಪುಟದಲ್ಲಿ ಹೇಗೂ ಇರುತ್ತದೆ.

ಕಡತದ ಹೆಸರು ಓದಿದರೆ ವಿಷಯ ತಿಳಿಯಬೇಕು. ಕ್ಯಾಮೆರಾ ಕೊಟ್ಟ ನಂಬರು ಬೇಡ. ಕನ್ನಡದಲ್ಲೇ ಹೆಸರಿಡಬಹುದು, ವಿವರಣೆಯನ್ನೂ ಕನ್ನಡದಲ್ಲಿ ಬರೆಯಬಹುದು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇದ್ದರೆ ಬೇರೆ ಭಾಷೆಯವರೂ ಹುಡುಕಿಕೊಳ್ಳುತ್ತಾರೆ. ಫೋಟೊಗಳನ್ನು ವಿಷಯದ ಪ್ರಕಾರ ಗುಂಪು ಮಾಡುವ ವರ್ಗಗಳ ಹೆಸರುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ವರ್ಗ ಹಾಕದ ಫೋಟೊ ವಿಳಾಸ ಬರೆಯದ ಕಾಗದದ ಹಾಗೆ, ಯಾರ ಕೈಗೂ ಸಿಗುವುದಿಲ್ಲ.

ಫೋಟೊದೊಳಗೆ ಜಾಗದ ಅಕ್ಷಾಂಶ ರೇಖಾಂಶ ಸೇರಿಕೊಂಡಿರಬಹುದು. ದೇವಸ್ಥಾನ, ಕೆರೆ, ಬೆಟ್ಟಕ್ಕೆ ಅದು ಇರಲೇಬೇಕು. ಮನೆಯಲ್ಲಿ ತೆಗೆದ ಅಡುಗೆಯ ಫೋಟೊದಲ್ಲಿ ಅದನ್ನು ಅಳಿಸಿ ಹಾಕಿ. ಅಪರೂಪದ ಹಕ್ಕಿಯ ಗೂಡು, ಕಾಡಿನ ಆರ್ಕಿಡ್ ಗಿಡ ಇಂಥವುಗಳ ಜಾಗವನ್ನೂ ಕೊಡಬೇಡಿ. ನೋಡಿ ಕಿತ್ತುಕೊಂಡು ಹೋಗುವವರಿದ್ದಾರೆ.

ಜನರ ಫೋಟೊ ಹಾಕಬಹುದಾ?

ವೇದಿಕೆ ಮೇಲೆ ಮಾತನಾಡುವ ಸಾಹಿತಿ, ಬಯಲಲ್ಲಿ ಕುಣಿಯುವ ಯಕ್ಷಗಾನದ ವೇಷ, ಜಾತ್ರೆಯ ತೇರು ಎಳೆಯುವ ಜನ. ಇವಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಕನ್ನಡದ ಎಷ್ಟೋ ಬರಹಗಾರರ, ಕಲಾವಿದರ ಪುಟಗಳಲ್ಲಿ ಇನ್ನೂ ಫೋಟೊ ಇಲ್ಲ. ಸಮ್ಮೇಳನಕ್ಕೆ ಹೋದಾಗ ಒಂದು ಒಳ್ಳೆಯ ಮುಖಚಿತ್ರ ತೆಗೆದು ಹಾಕಿ. ಒಬ್ಬ ಮನುಷ್ಯ ಎದ್ದು ಕಾಣುವ ಹಾಗೆ ತೆಗೆಯುವಾಗ ಕೇಳಿ ತೆಗೆಯಿರಿ. "ಇದು ಇಂಟರ್‌ನೆಟ್ಟಿನಲ್ಲಿ ಇರುತ್ತದೆ, ಯಾರು ಬೇಕಾದರೂ ಬಳಸಬಹುದು" ಎಂದು ಬಿಡಿಸಿ ಹೇಳಿ. ಮಕ್ಕಳದ್ದು, ಆಸ್ಪತ್ರೆಯಲ್ಲಿರುವವರದ್ದು, ದುಃಖದಲ್ಲಿರುವವರದ್ದು ಬೇಡ. ಗರ್ಭಗುಡಿಯಲ್ಲಿ ತೆಗೆಯಬೇಡಿ ಎಂದರೆ ತೆಗೆಯಬೇಡಿ. ಹೊರಗೆ ತೆಗೆಯಲು ಎಷ್ಟೋ ಇದೆ.

ನನ್ನ ಬಗ್ಗೆ, ನಮ್ಮ ಸಂಸ್ಥೆಯ ಬಗ್ಗೆ ಪುಟ ಮಾಡಬಹುದಾ?

ಬೇಡ. ನಮ್ಮ ಬಗ್ಗೆ ನಾವೇ ಸಮತೋಲನದಿಂದ ಬರೆಯುವುದು ಬಹಳ ಕಷ್ಟ. ಸಂಬಳ ಪಡೆದು ಬರೆಯುವವರು ಯಾರಿಂದ ಸಂಬಳ ಎಂದು ಬಹಿರಂಗವಾಗಿ ಹೇಳಲೇಬೇಕು. ಈಗಾಗಲೇ ಇರುವ ಪುಟದಲ್ಲಿ ನಿಮ್ಮ ಬಗ್ಗೆ ತಪ್ಪಿದ್ದರೆ ಚರ್ಚೆ ಪುಟದಲ್ಲಿ ಆಧಾರ ಕೊಟ್ಟು ತಿಳಿಸಿ.

ಒಬ್ಬರು ನನ್ನ ತಿದ್ದುಪಡಿಯನ್ನು ಪದೇ ಪದೇ ಅಳಿಸುತ್ತಿದ್ದಾರೆ. ಏನು ಮಾಡಲಿ?

ಮತ್ತೆ ಮತ್ತೆ ಹಾಕಬೇಡಿ. ಅದು ಜಗಳವಾಗುತ್ತದೆ, ಕೊನೆಗೆ ಇಬ್ಬರಿಗೂ ತಡೆ ಬೀಳಬಹುದು. ಆ ಪುಟದ "ಚರ್ಚೆ" ಭಾಗಕ್ಕೆ ಹೋಗಿ "ನನ್ನ ಆಧಾರ ಇದು, ನಿಮ್ಮ ಆಕ್ಷೇಪ ಏನು?" ಎಂದು ಕೇಳಿ. ಕೊನೆಗೆ ನಾಲ್ಕು ಟಿಲ್ಡೆ (~~~~) ಹಾಕಿದರೆ ನಿಮ್ಮ ಹೆಸರು, ಹೊತ್ತು ತಾನೇ ಬರುತ್ತದೆ. ಅಲ್ಲೂ ಬಗೆಹರಿಯದಿದ್ದರೆ ಅರಳಿ ಕಟ್ಟೆ ಇದೆ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತನಾಡುವ ಪುಟದ ಹೆಸರೇ ಅದು. ಇಂಗ್ಲಿಷಿನ ಹೆಸರನ್ನು ಹಾಗೇ ತರದೆ ಊರಿನ ಕಟ್ಟೆಯನ್ನು ನೆನೆಸಿಕೊಂಡವರ ಮೇಲೆ ನನಗೆ ತುಂಬಾ ಅಭಿಮಾನ.

ಸಮುದಾಯ ಚಿಕ್ಕದು. ಉತ್ತರ ಬರಲು ಎರಡು ಮೂರು ದಿನ ಹಿಡಿಯಬಹುದು. ಎಲ್ಲರೂ ತಮ್ಮ ಕೆಲಸ ಮುಗಿಸಿಕೊಂಡು ಬಿಡುವಿನಲ್ಲಿ ಬರುವವರು.

ಫೋಟೊ ಹಾಕಿದೆ. ಲೇಖನದಲ್ಲಿ ಕಾಣಿಸ್ತಿಲ್ಲ.

ಕಾಮನ್ಸ್‌ಗೆ ಹಾಕಿದ ಮಾತ್ರಕ್ಕೆ ಅದು ಪುಟದಲ್ಲಿ ಬಂದು ಕೂರುವುದಿಲ್ಲ. ಲೇಖನ ತೆರೆದು, ಸಂಪಾದಿಸಿ, ಚಿತ್ರ ಸೇರಿಸುವ ಆಯ್ಕೆಯಲ್ಲಿ ಕಡತದ ಹೆಸರು ಹುಡುಕಿ ಸೇರಿಸಬೇಕು. ಕೆಳಗೆ ಒಂದು ಸಾಲಿನ ವಿವರ ಬರೆಯಿರಿ. ಈ ಸಾಲನ್ನು ಅವಸರದಲ್ಲಿ ಬರೆಯಬೇಡಿ. ಸತಿ ಹೋದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲಿನ ಫೋಟೊ ಕೆಳಗೆ "ವೀರಗಲ್ಲು" ಎಂದು ಬರೆದದ್ದನ್ನು ನೋಡಿದ್ದೇನೆ. ಬಳೆ ತೊಟ್ಟ ತೋಳು ಮೇಲೆತ್ತಿರುವುದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿತ್ತು. ಆ ತಪ್ಪು ಬೇರೆ ಎಲ್ಲೆಲ್ಲಿಗೋ ಕಾಪಿ ಆಗಿ ಹೋಗಿತ್ತು.

ಬರೆಯೋಕೂ ಬರಲ್ಲ, ಫೋಟೊನೂ ತೆಗೆಯಲ್ಲ. ನನಗೆ ಕೆಲಸ ಇದೆಯಾ?

ಇದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಹಕ್ಕಿನ ಕಾಲ ಮುಗಿದ ಹಳೆಯ ಪುಸ್ತಕಗಳ ಸ್ಕ್ಯಾನ್ ಪುಟಗಳಿವೆ. ಎಡಗಡೆ ಅಕ್ಷರ, ಬಲಗಡೆ ಪುಟದ ಚಿತ್ರ. ಹೋಲಿಸಿ ತಿದ್ದುವುದಷ್ಟೇ. ಒಬ್ಬರು ತಿದ್ದಿದರೆ ಪುಟ ಹಳದಿ ಬಣ್ಣಕ್ಕೆ ಬರುತ್ತದೆ, ಇನ್ನೊಬ್ಬರು ಪರೀಕ್ಷಿಸಿದರೆ ಹಸಿರಾಗುತ್ತದೆ. ನಿವೃತ್ತರಾದ ಕನ್ನಡ ಮೇಷ್ಟ್ರುಗಳಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ದಿನಕ್ಕೆ ಒಂದು ಪುಟ ಆದರೂ ಆಯಿತು.

ನಮ್ಮೂರಿನ ದೇವಸ್ಥಾನದ ಫೋಟೊ ಆಗಲೇ ಇದೆ. ಮತ್ತೆ ಯಾಕೆ ಹಾಕಬೇಕು?

ಅದು ಯಾವ ವರ್ಷದ್ದು ನೋಡಿ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಗುಡಿಯ ಪಕ್ಕ ಒರಗಿಸಿಟ್ಟಿದ್ದ ವೀರಗಲ್ಲಿನ ಫೋಟೊ ತೆಗೆದಿದ್ದೆ. ಆಮೇಲೆ ಗುಡಿಗೆ ಜೀರ್ಣೋದ್ಧಾರ ಆಯಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಕಲ್ಲು ಬೀಳದಿರಲಿ ಎಂದು ಅದನ್ನು ಸಿಮೆಂಟಿನ ಕಟ್ಟೆಯಲ್ಲಿ ಹೂತು ನಿಲ್ಲಿಸಿದರು, ಮೇಲೆ ಬಣ್ಣ ಬಳಿದರು. ಕಾಳಗ ಇದ್ದ ಕೆಳಗಿನ ಪಟ್ಟಿಕೆ ಈಗ ಸಿಮೆಂಟಿನೊಳಗಿದೆ. ಮೊನ್ನೆ ಹೋದಾಗ ಆ ಊರಿನ ಹುಡುಗನೊಬ್ಬ ನನ್ನ ಫೋನಿನಲ್ಲಿ ಕಾಮನ್ಸ್‌ನ ಹಳೆಯ ಫೋಟೊ ದೊಡ್ಡದು ಮಾಡಿ ನೋಡಿದ. "ಅಣ್ಣಾ, ಇಲ್ಲಿ ಕುದುರೆ ಇತ್ತಾ?" ಎಂದು ಕೇಳಿದ. ಇತ್ತು. ಅವನೇ ಈಗಿನ ರೂಪದ್ದೂ ಒಂದು ಫೋಟೊ ತೆಗೆದ. ಖಾತೆ ಮಾಡಿಕೊಟ್ಟೆ, ಹಾಕಿದ. ಒಂದೇ ವರ್ಗದಲ್ಲಿ ಈಗ ಎರಡೂ ಅಕ್ಕಪಕ್ಕ ಇವೆ.